ತುಲೂಸ್‌ನಲ್ಲಿ ಅವ್ವನ ‘ಬೋಂಜೂರ್‌ರೀ’

ತುಲೂಸ್‌ಗೆ ಬಂದಿಳಿದ ಮರುದಿನ ಬೆಳಿಗ್ಗೆ ನನಗೆ ಮೊದಲ ಪಾಠ ಆಗಿದ್ದು ಬ್ರೆಡ್ ಅಂಗಡಿಯಲ್ಲಿ. ರಾತ್ರಿ ಸರಿಯಾಗಿ ನಿದ್ದೆ ಇಲ್ಲ, ಹೊಟ್ಟೆ ಚುರುಗುಡ್ತಿತ್ತು. ಮನೆ ಕೆಳಗಿನ ಬೇಕರಿಗೆ ಹೋಗಿ, ಬೆರಳು ತೋರಿಸಿ, ಇಂಗ್ಲಿಷ್‌ನಲ್ಲಿ ‘ಒನ್ ಬಗೆಟ್ ಪ್ಲೀಸ್’ ಅಂದೆ. ಕೌಂಟರ್ ಹಿಂದಿದ್ದ ಹೆಂಗಸು ನನ್ನ ಮುಖ ನೋಡಿ ‘ಬೋಂಜೂರ್’ ಅಂದರು. ನನ್ನ ಮಾತು ಕೇಳಿಸಲಿಲ್ಲವೇನೋ ಅಂತ ಮತ್ತೆ ‘ಒನ್ ಬಗೆಟ್’ ಅಂದೆ. ಈ ಸಲ ಅವರ ದನಿ ಸ್ವಲ್ಪ ಏರಿತು, ‘ಬೋಂಜೂರ್!’ ನನ್ನ ಹಿಂದೆ ನಿಂತಿದ್ದ ಮುದುಕರೊಬ್ಬರು ನಕ್ಕರು. ಆಗ ಟ್ಯೂಬ್‌ಲೈಟ್ ಹತ್ತಿತು. ‘ಬೋಂಜೂರ್’ ಅಂದೆ. ಅವರ ಮುಖ ಅರಳಿತು. ಬಗೆಟ್ ಕೈಗೆ ಬಂತು.

ಆ ದಿನ ಆಫೀಸಿನಲ್ಲಿ ಇದನ್ನು ಹೇಳಿದರೆ ಸಹೋದ್ಯೋಗಿ ಒಬ್ಬ ಅಂದ: ‘ನೀನು ಅವರನ್ನ ಬ್ರೆಡ್ ಕೊಡೋ ಮಷೀನ್ ಅನ್ಕೊಂಡಿದ್ದೆ. ಅವರು ಮನುಷ್ಯರು ಅಂತ ನೆನಪು ಮಾಡಿದ್ರು, ಅಷ್ಟೆ.’

ಮಾತು ಚುಚ್ಚಿತು. ಯಾಕಂದ್ರೆ ನಾನು ಹುಟ್ಟಿ ಬೆಳೆದ ಊರಲ್ಲೂ ಇದೇ ರೂಢಿ. ನಮ್ಮೂರು ಹೊರ್ತಿ. ವಿಜಯಪುರದಿಂದ ಸೋಲಾಪುರಕ್ಕೆ ಹೋಗೋ ಹೆದ್ದಾರಿಯಲ್ಲಿ ಬರುತ್ತೆ, ಇಂಡಿ ಸೀಮೆ. ರೇವಣಸಿದ್ಧೇಶ್ವರ ದೇವರ ಊರು. ಅಲ್ಲಿ ಯಾರ ಅಂಗಡಿಗೆ ಹೋದರೂ ನೇರವಾಗಿ ‘ಪಾವ್ ಕಿಲೋ ಸಕ್ರಿ ಕೊಡ್ರಿ’ ಅನ್ನೋ ಪದ್ಧತಿಯೇ ಇಲ್ಲ. ಮೊದಲು ‘ಶರಣ್ರೀ ಕಾಕಾ, ಆರಾಮ್ ಅದೀರಿ?’ ಆಮೇಲೆ ಮಳೆಯ ಮಾತು, ಆಮೇಲೆ ಸಕ್ಕರೆ. ಬೆಂಗಳೂರಿಗೆ ಬಂದು ಎಂಟು ವರ್ಷ ಆದ ಮೇಲೆ ನನ್ನ ಬೆರಳಿಗೆ ಆ್ಯಪ್ ಒತ್ತೋದು ಗೊತ್ತು, ಡೆಲಿವರಿ ಹುಡುಗನ ಮುಖ ಮಾತ್ರ ನೆನಪಿರಲ್ಲ. ಹೊರ್ತಿಯಲ್ಲಿ ಕಲಿತಿದ್ದನ್ನು ಬೆಂಗಳೂರಲ್ಲಿ ಮರೆತು, ತುಲೂಸ್‌ನಲ್ಲಿ ಮತ್ತೆ ಕಲಿಯೋಕೆ ಕೂತಿದ್ದೆ.

ಗುಲಾಬಿ ಬಣ್ಣದ ಊರು

ತುಲೂಸ್ ಫ್ರಾನ್ಸ್‌ನ ನೈಋತ್ಯ ಭಾಗದಲ್ಲಿ, ಗರೋನ್ ನದಿ ದಂಡೆ ಮೇಲಿದೆ. ಸುತ್ತಮುತ್ತ ಕಲ್ಲು ಕಡಿಮೆ, ನದಿಯ ಜೇಡಿಮಣ್ಣು ಹೇರಳ. ಹಾಗಾಗಿ ಹಳೇ ಊರೆಲ್ಲ ಇಟ್ಟಿಗೆಯದ್ದೇ. ಸಂಜೆ ಬಿಸಿಲಿಗೆ ಆ ಇಟ್ಟಿಗೆ ಗುಲಾಬಿ ಬಣ್ಣಕ್ಕೆ ತಿರುಗುತ್ತೆ, ಅದಕ್ಕೇ ‘ಗುಲಾಬಿ ನಗರ’ ಅಂತಲೇ ಹೆಸರು. ಕಪ್ಪು ಕಲ್ಲಿನ ವಿಜಯಪುರ ನೋಡಿ ಬೆಳೆದ ನನಗೆ ಈ ಬಣ್ಣ ಮದುವೆ ಮನೆಗೆ ಸುಣ್ಣ ಬಳಿದಂಗೆ ಕಂಡಿತು. ವಿಮಾನ ತಯಾರಿಕೆಯ ಊರು ಇದು. ಆ ಕೆಲಸದ ನೆಂಟಸ್ತಿಕೆಯಿಂದಲೇ ಬೆಂಗಳೂರಿನ ಎಂಜಿನಿಯರ್‌ಗಳು ಆರು ತಿಂಗಳು, ವರ್ಷ ಅಂತ ಇಲ್ಲಿಗೆ ಬಂದು ಹೋಗ್ತಾ ಇರ್ತಾರೆ. ನಾನೂ ಹಾಗೇ ಬಂದವಳು.

ಹಾಗಂತ ನಮ್ಮ ಸೀಮೆಗೂ ಫ್ರೆಂಚರಿಗೂ ಇದೇ ಮೊದಲ ಪರಿಚಯ ಅಲ್ಲ. 17ನೇ ಶತಮಾನದಲ್ಲಿ ಇಂಡಿಯಾ ಸುತ್ತಿದ ಫ್ರೆಂಚ್ ಪ್ರವಾಸಿಗರ ಪುಸ್ತಕಗಳಲ್ಲಿ ನಮ್ಮ ಜಿಲ್ಲೆಯ ಹೆಸರು ‘ವಿಸಾಪೂರ್’. ನಮ್ಮ ಆಯಿ ಕೊನೆವರೆಗೂ ‘ವಿಜಾಪುರ’ ಅಂತಲೇ ಅನ್ನೋಳು, ಇಂಗ್ಲಿಷರ ‘ಬಿಜಾಪುರ’ ಅವಳ ಬಾಯಿಗೆ ಹತ್ತಲೇ ಇಲ್ಲ. ಆಯಿ ಮತ್ತು ಆ ಫ್ರೆಂಚರು ಒಂದೇ ಪಾರ್ಟಿ. ಇನ್ನು ನಮ್ಮ ಪಕ್ಕದ ಹಲಸಂಗಿಯ ಕವಿ ಮಧುರಚೆನ್ನರು ಅರವಿಂದರ ದರ್ಶನಕ್ಕೆ ಅಂತ ಪಾಂಡಿಚೇರಿಗೆ ಹೋಗಿದ್ದವರು. ಆಗ ಅದು ಫ್ರೆಂಚರ ಆಳ್ವಿಕೆಯ ಊರು. ಅಂದ್ರೆ ಇಂಡಿ ಸೀಮೆಯಿಂದ ಫ್ರೆಂಚ್ ಬೋರ್ಡ್ ಇರೋ ಬೀದಿಯಲ್ಲಿ ಓಡಾಡಿದವರಲ್ಲಿ ನಾನು ಮೊದಲಿನವಳಂತೂ ಅಲ್ಲ.

ಊಟದ ಹೊತ್ತು ಅಂದ್ರೆ ಊಟದ ಹೊತ್ತು

ಮೊದಲ ವಾರ ನಾನು ಬೆಂಗಳೂರಿನ ರೂಢಿಯಂತೆ ಲ್ಯಾಪ್‌ಟಾಪ್ ಮುಂದೆ ಡಬ್ಬಿ ತೆಗೆದೆ. ಪಕ್ಕದಲ್ಲಿದ್ದವಳು ಗಾಬರಿಯಾಗಿ, ‘ಹುಷಾರಿಲ್ವಾ? ತುಂಬಾ ಕೆಲಸಾನಾ?’ ಅಂತ ಕೇಳಿದಳು. ಇಲ್ಲಿ ಹನ್ನೆರಡರಿಂದ ಎರಡರ ನಡುವೆ ಎಲ್ಲರೂ ಎದ್ದು ಹೋಗಿ, ಕೂತು, ಮಾತಾಡಿಕೊಂಡು ಉಣ್ತಾರೆ. ಕೆಲಸ ಮಾಡೋ ಜಾಗದಲ್ಲೇ ಊಟ ಮಾಡೋಕೆ ಬಿಡಬಾರದು ಅಂತ ಫ್ರಾನ್ಸ್‌ನ ಕಾರ್ಮಿಕ ನಿಯಮದಲ್ಲೇ ಬರೆದಿದೆ. ಕೋವಿಡ್ ಹೊತ್ತಲ್ಲಿ, 2021ರಲ್ಲಿ, ಜನ ಒಟ್ಟಿಗೆ ಸೇರಬಾರದು ಅಂತ ಅದನ್ನು ಸಡಿಲ ಮಾಡಬೇಕಾಗಿ ಬಂತಂತೆ. 2017ರಿಂದ ಇನ್ನೊಂದು ಹಕ್ಕೂ ಇದೆ. ಕೆಲಸದ ಹೊತ್ತು ಮುಗಿದ ಮೇಲೆ ಮೇಲ್, ಮೆಸೇಜ್‌ಗಳಿಂದ ದೂರ ಇರೋ ಹಕ್ಕು. ಐವತ್ತಕ್ಕಿಂತ ಹೆಚ್ಚು ಜನ ಇರೋ ಕಂಪನಿಗಳು ಇದರ ಬಗ್ಗೆ ನೌಕರರ ಜೊತೆ ಕೂತು ಮಾತಾಡಲೇಬೇಕು. ಇದನ್ನು ಬೆಂಗಳೂರಿನ ನನ್ನ ಟೀಮ್ ಗ್ರೂಪ್‌ಗೆ ಕಳಿಸಿದೆ. ರಾತ್ರಿ ಹನ್ನೊಂದೂವರೆಗೆ ಮೂರು ಜನ ನಗೋ ಇಮೋಜಿ ಹಾಕಿದರು!

ಬಗೆಟ್ ಕಥೆ ಬೇರೆಯೇ. 2022ರಲ್ಲಿ ಅದನ್ನು ಮಾಡೋ ಕುಶಲತೆ ಮತ್ತು ಅದರ ಸುತ್ತಲಿನ ಸಂಸ್ಕೃತಿ ಯುನೆಸ್ಕೋ ಪರಂಪರೆಯ ಪಟ್ಟಿಗೆ ಸೇರಿತು. ‘ಟ್ರಾದಿಸಿಯೋಂ’ ಅನ್ನೋ ಬಗೆಟ್‌ಗೆ 1993ರ ಸರ್ಕಾರಿ ಆದೇಶವೇ ಇದೆ: ಹಿಟ್ಟನ್ನು ಫ್ರೀಜ್ ಮಾಡಬಾರದು, ಕೃತಕ ಪದಾರ್ಥ ಬೆರೆಸಬಾರದು. ಅದನ್ನು ತಟ್ಟೆಯಲ್ಲಿ ಇಡಲ್ಲ, ಟೇಬಲ್ ಮೇಲೇ ಇಡ್ತಾರೆ. ಮನೆಗೆ ಒಯ್ಯೋವಾಗ ದಾರಿಯಲ್ಲೇ ತುದಿ ಮುರಿದು ಬಾಯಿಗೆ ಹಾಕ್ಕೋತಾರೆ. ಬೆಳಿಗ್ಗೆ ಕಾಫಿಯಲ್ಲಿ ಅದ್ದಿಕೊಂಡು ತಿಂತಾರೆ, ನಾವು ಚಹಾದಲ್ಲಿ ಖಾರಿ ಅದ್ದೋ ಹಾಗೆ. ನಮ್ಮ ಕಡಕ್ ಭಕ್ರಿಗೆ ಯಾವ ಆದೇಶವೂ ಇಲ್ಲ. ಆದರೂ ಎಷ್ಟು ತೆಳ್ಳಗೆ ಬಡೀಬೇಕು, ಎಷ್ಟು ಬೇಯಬೇಕು ಅನ್ನೋದು ನಮ್ಮ ಪ್ರತಿ ಅವ್ವಂದಿರ ಅಂಗೈಗೆ ಗೊತ್ತು.

‘ನೀ ಅನ್ನಲಾ?’

ಭಾಷೆ ಕಲಿಯೋಕೆ ಶುರು ಮಾಡಿದಾಗ ಇಂಗ್ಲಿಷ್‌ನಲ್ಲಿ ಇಲ್ಲದ್ದು, ನಮ್ಮಲ್ಲಿ ಇರೋದು ಒಂದು ಸಿಕ್ತು. ಫ್ರೆಂಚ್‌ನಲ್ಲೂ ‘ನೀನು’, ‘ನೀವು’ ಬೇರೆ ಬೇರೆ: ‘ತ್ಯು’, ‘ವೂ’. ‘ನೀನು’ ಅನ್ನೋದಕ್ಕೇ ಒಂದು ಕ್ರಿಯಾಪದ ಇದೆ, ‘ನೀವು’ ಅನ್ನೋದಕ್ಕೆ ಇನ್ನೊಂದು. ಪರಿಚಯ ಬಲಿತ ಮೇಲೆ ಒಬ್ಬರು ಕೇಳ್ತಾರೆ, ‘ಇನ್ನು ಏಕವಚನದಲ್ಲಿ ಮಾತಾಡೋಣ್ವಾ?’ ನನ್ನ ಜೊತೆ ಕ್ಲಾಸಿನಲ್ಲಿದ್ದ ಇಂಗ್ಲೆಂಡಿನ ಹುಡುಗ ಇದಕ್ಕೆ ತಲೆ ಕೆರೆದುಕೊಂಡ. ನನಗೆ ಎರಡು ನಿಮಿಷ ಸಾಕಾಯ್ತು. ‘ಏಕವಚನದಾಗ ಮಾತಾಡ್ಬ್ಯಾಡ’ ಅಂತ ನಮ್ಮ ಕಡೆ ಜಗಳಗಳೇ ಆಗ್ತಾವೆ. ಹಿರಿಯರಿಗೆ ಮಾತಿನ ಕೊನೆಗೆ ‘ರೀ’ ಹಚ್ಚದಿದ್ದರೆ ಬೆನ್ನಿಗೆ ಗುದ್ದು ಬೀಳ್ತದೆ.

ಹೊರಡುವಾಗ ಅವರು ಅನ್ನೋ ‘ಓ ರವ್ವಾರ್’ ಕೂಡ ಹಾಗೇ. ಮತ್ತೆ ಕಾಣೋವರೆಗೆ ಅಂತ ಅರ್ಥ. ನಾವು ‘ಹೋಗ್ತೀನಿ’ ಅಂತ ಎಂದಾದರೂ ಅಂತೀವಾ? ‘ಬರ್ತೀನ್ರಿ’ ಅಂತಲೇ ಅಲ್ವಾ ಎದ್ದು ಹೋಗೋದು!

ಲೆಕ್ಕದಲ್ಲಿ ಮಾತ್ರ ಒದ್ದಾಡಿದೆ. ಎಪ್ಪತ್ತಕ್ಕೆ ‘ಅರವತ್ತು-ಹತ್ತು’, ಎಂಬತ್ತಕ್ಕೆ ‘ನಾಲ್ಕು-ಇಪ್ಪತ್ತು’, ತೊಂಬತ್ತೇಳಕ್ಕೆ ‘ನಾಲ್ಕು-ಇಪ್ಪತ್ತು-ಹತ್ತು-ಏಳು’. ಫೋನ್ ನಂಬರ್ ಬರಕೊಳ್ಳೋವಾಗ ಅಳುನೇ ಬರುತ್ತೆ. ಬೆಲ್ಜಿಯಂ, ಸ್ವಿಟ್ಜರ್ಲೆಂಡ್‌ನ ಫ್ರೆಂಚ್ ಮಂದಿ ಎಪ್ಪತ್ತು, ತೊಂಬತ್ತಕ್ಕೆ ಬೇರೆ ಸರಳ ಪದ ಇಟ್ಟುಕೊಂಡಿದ್ದಾರೆ, ಜಾಣರು. ಆದರೆ ಆಮೇಲೆ ನೆನಪಾಯ್ತು. ಶಾಲಿ ಕಟ್ಟಿ ಹತ್ತದ ನಮ್ಮ ಆಯಿ ನಿಂಬೆಹಣ್ಣು ಎಣಿಸ್ತಿದ್ದುದೂ ಇಪ್ಪತ್ತರ ಲೆಕ್ಕದಲ್ಲೇ. ‘ಒಂದ್ ಇಪ್ಪತ್ತು, ಎರಡ್ ಇಪ್ಪತ್ತು, ಮೂರ್ ಇಪ್ಪತ್ತು…’ ಒಂದೊಂದು ಇಪ್ಪತ್ತಿಗೂ ಪಕ್ಕದಲ್ಲಿ ಒಂದು ಹರಳು. ನಾವು ಮೊಮ್ಮಕ್ಕಳು ನಗ್ತಿದ್ವಿ. ಪ್ಯಾರಿಸ್‌ನ ಬ್ಯಾಂಕಿನವರೂ ಹಾಗೇ ಎಣಿಸ್ತಾರೆ ಅಂತ ಆಗ ಯಾರಿಗೆ ಗೊತ್ತಿತ್ತು?

ಅವ್ವ ಬಂದಳು

ಸೆಪ್ಟೆಂಬರ್‌ನಲ್ಲಿ ಮೂರು ವಾರದ ಮಟ್ಟಿಗೆ ಅವ್ವನನ್ನು ಕರೆಸಿಕೊಂಡೆ. ಅವಳ ಪ್ರಪಂಚ ಅಂದ್ರೆ ಈ ಕಡೆ ವಿಜಯಪುರ, ಆ ಕಡೆ ಸೋಲಾಪುರ, ವರ್ಷಕ್ಕೊಮ್ಮೆ ಪಂಢರಪುರ. ಬೆಂಗಳೂರಿಗೆ ನಾಲ್ಕು ಸಲ ಬಂದಿದ್ದಾಳೆ ಅಷ್ಟೆ. ಏರ್‌ಪೋರ್ಟ್‌ನಲ್ಲಿ ಇಳಕಲ್ ಸೀರೆ, ಮೇಲೆ ನನ್ನ ತಮ್ಮನ ಜಾಕೆಟ್, ಕೈಯಲ್ಲಿ ಚೀಲ. ಚೀಲದಲ್ಲಿ ಮೂವತ್ತು ಕಡಕ್ ಭಕ್ರಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ.

ಮೊದಲ ದಿನವೇ ಅವಳಿಗೆ ಒಂದೇ ಒಂದು ಶಬ್ದ ಕಲಿಸಿದೆ. ‘ಅವ್ವಾ, ಎಲ್ಲಿ ಹೋದ್ರೂ ಮೊದಲು ಬೋಂಜೂರ್ ಅನ್ಬೇಕು.’

‘ಅಂದ್ರ ಶರಣ್ರೀ ಅಂತೇನು?’

‘ಹೌದು, ಅದೇ.’

‘ಅಷ್ಟೇನು? ಅದನ್ಯಾಕ ಪಾಠ ಮಾಡಿದಂಗ ಹೇಳ್ತಿ?’

ಬೇಕರಿಗೆ ಹೋದ್ವಿ. ಅವ್ವ ತಲೆ ಮೇಲೆ ಸೆರಗು ಸರಿಮಾಡಿಕೊಂಡು, ಎರಡೂ ಕೈ ಜೋಡಿಸಿ, ‘ಬೋಂಜೂರ್‌ರೀ’ ಅಂದಳು. ಬೇಕರಿಯಾಕೆ ಒಂದು ಕ್ಷಣ ಸುಮ್ಮನಾಗಿ, ತಾವೂ ಕೈ ಜೋಡಿಸಿ ‘ಬೋಂಜೂರ್ ಮದಾಂ’ ಅಂದರು. ಮೂರು ತಿಂಗಳಲ್ಲಿ ನನಗೆ ಸಿಗದ ನಗು ಅವ್ವನಿಗೆ ಮೂರು ಸೆಕೆಂಡಿನಲ್ಲಿ ಸಿಕ್ತು. ಆ ದಿನದಿಂದ ಬಸ್ ಡ್ರೈವರ್, ಕಸದ ಗಾಡಿಯವರು, ಲಿಫ್ಟಿನಲ್ಲಿ ಸಿಕ್ಕವರು, ಯಾರನ್ನೂ ಬಿಡಲಿಲ್ಲ. ಎಲ್ಲರಿಗೂ ‘ಬೋಂಜೂರ್‌ರೀ’. ಅವಳು ಇಲ್ಲಿಯ ರೀತಿ ಕಲಿತಳು ಅಂತಲ್ಲ. ತನ್ನ ರೀತಿಗೆ ಹೊಸ ಶಬ್ದ ಹಚ್ಚಿಕೊಂಡಳು.

ಬಗೆಟ್ ಮುರಿದು ಶೇಂಗಾ ಹಿಂಡಿ, ಮೊಸರು ಹಚ್ಚಿಕೊಂಡು ತಿಂದು ತೀರ್ಪು ಕೊಟ್ಟಳು: ‘ಹಲ್ಲಿಗೆ ಕೆಲ್ಸ ಅದ. ಚಲೋ ಅದ.’

ಸಂತೆಗೆ ಕರಕೊಂಡು ಹೋದಾಗ ಮಾತ್ರ ಅವಳ ಮುಖ ಸಪ್ಪಗಾಯ್ತು. ಹಸಿರು ನಿಂಬೆಹಣ್ಣು ಒಂದಕ್ಕೆ ಅರ್ಧ ಯೂರೋ. ಕೈಯಲ್ಲಿ ಹಿಡಿದು, ಮೂಸಿ, ‘ನಮ್ಮ ಹಣ್ಣಿನ ವಾಸನಿ ಇಲ್ಲ ಇದಕ್ಕ’ ಅಂದಳು. ನಮ್ಮದೂ ಎರಡು ಎಕರೆ ನಿಂಬೆ ತೋಟ. ಇಂಡಿಯ ನಿಂಬೆಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆದರೆ ಸೀಜನ್ನಿನಲ್ಲಿ ಬೆಲೆ ಬಿದ್ದರೆ ಕೊಯ್ಯೋ ಕೂಲಿಯೂ ಹುಟ್ಟಲ್ಲ, ಹಣ್ಣು ಗಿಡದ ಕೆಳಗೇ ಹಳದಿಯಾಗಿ ಬಿದ್ದಿರುತ್ತೆ. ಅರ್ಧ ಯೂರೋ ಅಂದ್ರೆ ಎಷ್ಟು ರೂಪಾಯಿ ಅಂತ ಅವಳು ಕೇಳಿದಳು. ನಾನು ಹೇಳಿದೆ. ಅವಳು ಹಣ್ಣನ್ನು ಮೆಲ್ಲಗೆ ತಿರುಗಿ ಅದರ ಜಾಗದಲ್ಲೇ ಇಟ್ಟಳು.

ಅವಳನ್ನು ಹೆಚ್ಚು ಹೊತ್ತು ನಿಲ್ಲಿಸಿದ ಜಾಗ ಚರ್ಚೂ ಅಲ್ಲ, ಅರಮನೆಯೂ ಅಲ್ಲ, ಕಾಲುವೆ. ತುಲೂಸ್‌ನಿಂದ ಮೆಡಿಟರೇನಿಯನ್ ಕಡೆಗೆ ಸುಮಾರು 240 ಕಿಲೋಮೀಟರ್ ಹರಿಯೋ ‘ಕೆನಾಲ್ ದು ಮಿದಿ’. 1666ರಲ್ಲಿ ರಾಜನ ಅಪ್ಪಣೆಯಾಗಿ, 1681ರಲ್ಲಿ ತೆರೆಯಿತು. ಕಟ್ಟಿಸಿದವರು ಪಿಯೇರ್-ಪೋಲ್ ರಿಕೆ. ಉಪ್ಪಿನ ಸುಂಕ ವಸೂಲಿ ಮಾಡೋ ಅಧಿಕಾರಿ. ತಮ್ಮ ಸ್ವಂತ ದುಡ್ಡನ್ನೂ ಸುರಿದರು. ಕಾಲುವೆ ತೆರೆಯೋಕೆ ಕೆಲವೇ ತಿಂಗಳ ಮುಂಚೆ, 1680ರಲ್ಲಿ ತೀರಿಕೊಂಡರು. ಬೆಟ್ಟದ ಹಳ್ಳಗಳ ನೀರನ್ನು ಕೆರೆ ಕಟ್ಟಿ ಹಿಡಿದು, ದಿಬ್ಬದ ಮೇಲಿಂದ ಎರಡೂ ಕಡೆ ಇಳಿಸಿದ ಯೋಜನೆ ಅದು. ಮಣ್ಣು ಹೊತ್ತವರಲ್ಲಿ ಹೆಂಗಸರೂ ಬಹಳ ಜನ ಇದ್ದರು.

ಇದನ್ನೆಲ್ಲ ಅವ್ವನಿಗೆ ಹೇಳ್ತಾ ಇದ್ದೆ. ಅವಳು ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು ನೀರಿಗೆ ಕೈ ಹಾಕಿದಳು. ‘ಅಷ್ಟ ಹಳೇ ಕಾಲವಿ, ಇನ್ನೂ ನೀರ ಅದ ನೋಡ’ ಅಂದಳು. ನಮ್ಮ ಕಡೆಯ ಕಾಲುವೆಗಳ ಕೊನೆಯ ಹಳ್ಳಿಯವರಿಗೆ ಈ ಮಾತಿನ ಭಾರ ಗೊತ್ತು. ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿ ನಿಂಬೆ ಗಿಡ ಉಳಿಸಿಕೊಂಡ ಮನೆ ನಮ್ಮದು. ವಿಜಯಪುರದಲ್ಲೂ ಅದೇ ಕಾಲಕ್ಕೆ, 1651ರಲ್ಲಿ, ಊರಿಗೆ ನೀರು ಕೊಡೋಕೆ ಬೇಗಂ ತಾಲಾಬ್ ಕಟ್ಟಿದ್ದರು, ಅವ್ವಾ, ನಾವೂ ಕಡಿಮೆ ಇರಲಿಲ್ಲ ಅಂದೆ. ‘ಕಟ್ಟೋದ ದೊಡ್ಡದಲ್ಲ ತಂಗಿ, ಹೂಳ ತಗಿಯೋದ ದೊಡ್ಡದು’ ಅಂದಳು ಅವ್ವ.

ಮೆಟ್ರೋದಲ್ಲಿ ಎರಡು ಭಾಷೆ

ತುಲೂಸ್‌ನ ಮೆಟ್ರೋಗೆ ಡ್ರೈವರ್ ಇಲ್ಲ. ಅವ್ವನಿಗೆ ಅದು ದೆವ್ವದ ಗಾಡಿ. ಆದರೆ ಅವಳು ಒಂದು ವಿಷಯ ಗಮನಿಸಿದಳು, ಅದು ನನಗೆ ಮೂರು ತಿಂಗಳಾದರೂ ಹೊಳೆದಿರಲಿಲ್ಲ. ‘ಸ್ಟೇಷನ್ ಹೆಸರ ಎರಡ ಸಲ ಯಾಕ ಹೇಳ್ತಾರ? ಎರಡನೇ ಸಲ ಬ್ಯಾರೆ ಥರ ಕೇಳ್ತದ.’

ವಿಚಾರಿಸಿದೆ. ಎರಡನೆಯದು ಒಕ್ಸಿತಾನ್ ಭಾಷೆ. ದಕ್ಷಿಣ ಫ್ರಾನ್ಸ್‌ನ ಹಳೆಯ ಮನೆಮಾತು. ಹಳೇ ಬೀದಿಗಳ ಫಲಕದಲ್ಲೂ ಎರಡೆರಡು ಹೆಸರು. ಈ ಭಾಷೆ ಸಣ್ಣದೇನಲ್ಲ. ಅದರಲ್ಲಿ ಕಾವ್ಯ ಬರೆಯೋರಿಗಾಗಿ 1323ರಲ್ಲೇ ತುಲೂಸ್‌ನಲ್ಲಿ ಒಂದು ಸಾಹಿತ್ಯ ಕೂಟ ಶುರುವಾಗಿತ್ತು. ಅದರ ಪ್ರೊವೆನ್ಸ್ ರೂಪದಲ್ಲಿ ಬರೆದ ಫ್ರೆದೆರಿಕ್ ಮಿಸ್ತ್ರಾಲ್‌ಗೆ 1904ರಲ್ಲಿ ನೊಬೆಲ್ ಬಂತು. ಆದರೆ 1880ರ ದಶಕದಲ್ಲಿ ಎಲ್ಲ ಮಕ್ಕಳಿಗೂ ಶಾಲೆ ಕಡ್ಡಾಯ ಆದಾಗ ಪಾಠ ಫ್ರೆಂಚ್‌ನಲ್ಲಿ ಮಾತ್ರ. ಮನೆಮಾತು ಆಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಎಷ್ಟೋ ಶಾಲೆಗಳಲ್ಲಿ ಒಂದು ಮರದ ತುಂಡೋ ಮತ್ತೇನೋ ಹಾಕ್ತಿದ್ದರು. ಅದನ್ನು ಕಳಚಬೇಕಾದರೆ ಹಾಗೆ ಮಾತಾಡೋ ಇನ್ನೊಂದು ಮಗುವನ್ನು ಹಿಡಿದುಕೊಡಬೇಕು. ದಿನದ ಕೊನೆಗೆ ಅದು ಯಾರ ಕೊರಳಲ್ಲಿ ಇರುತ್ತೋ ಆ ಮಗುವಿಗೆ ಶಿಕ್ಷೆ.

ನಮ್ಮ ಕೆಳಗಿನ ಮನೆಯ ಅಜ್ಜಿ ಒಂಟಿಯಾಗಿ ಇರೋರು. ಅವರ ತಾಯಿಯೂ ಹೀಗೇ ಶಿಕ್ಷೆ ತಿಂದವರಂತೆ. ‘ನಮ್ಮಮ್ಮ ಕೋಳಿ, ದನದ ಜೊತೆ ಒಕ್ಸಿತಾನ್ ಮಾತಾಡೋಳು. ನಮ್ಮ ಜೊತೆ ಫ್ರೆಂಚ್. ನನಗೆ ಕೇಳಿದರೆ ಅರ್ಥ ಆಗುತ್ತೆ, ಮಾತಾಡೋಕೆ ಬರಲ್ಲ’ ಅಂದರು. ನಾನು ಅದನ್ನು ಅವ್ವನಿಗೆ ಹೇಳಿದೆ. ಅವ್ವ ಏನೂ ಅನ್ನಲಿಲ್ಲ. ನನ್ನನ್ನೇ ಒಂದು ಸಲ ನೋಡಿದಳು.

ಆ ನೋಟ ಯಾಕೆ ಅಂತ ಹೇಳಬೇಕಾದರೆ ಒಂದು ಹಳೇ ಮಾತು ಹೇಳಬೇಕು. ಬೆಂಗಳೂರಿಗೆ ಬಂದ ಹೊಸದರಲ್ಲಿ ನಾನು ಬಾಯಿ ಬಿಟ್ಟರೆ ಎಲ್ಲರೂ ನಗ್ತಿದ್ದರು. ‘ಇನ್ನೊಂದ್ಸಲ ಹೇಳು, ಸಿನಿಮಾ ಕಾಮಿಡಿ ಥರ ಇದೆ’ ಅನ್ನೋರು. ಒಂದೇ ವರ್ಷದಲ್ಲಿ ನನ್ನ ‘ಹೊಂಟೀನಿ’ ಹೋಗಿ ‘ಹೋಗ್ತಾ ಇದೀನಿ’ ಆಯ್ತು, ‘ಮನಿ’ ಹೋಗಿ ‘ಮನೆ’ ಆಯ್ತು. ಎರಡು ವರ್ಷದ ಹಿಂದೆ ಅವ್ವ ಬೆಂಗಳೂರಿಗೆ ಬಂದಾಗ ಮನೆಗೆ ಗೆಳೆಯರನ್ನು ಊಟಕ್ಕೆ ಕರೆದಿದ್ದೆ. ಅವ್ವ ಖುಷಿಯಿಂದ ಬಡಿಸ್ತಾ, ತೋಟದ ಕಥೆ ಹೇಳ್ತಾ ಇದ್ದಳು. ಯಾರೋ ಕಿಸಕ್ಕನೆ ನಕ್ಕರು. ನಾನು ಅಡುಗೆಮನೆಗೆ ಕರೆದು, ‘ಅವ್ವಾ, ಸ್ವಲ್ಪ ಚೆನ್ನಾಗಿ ಮಾತಾಡು’ ಅಂದೆ. ಆಮೇಲೆ ಅವಳು ಅವತ್ತು ಮಾತಾಡಲೇ ಇಲ್ಲ. ಬೆಂಗಳೂರಲ್ಲಿ ಇದ್ದಷ್ಟು ದಿನ ನನ್ನ ಗೆಳೆಯರ ಮುಂದೆ ‘ಹಾಂ’, ‘ಹೂಂ’ ಅಷ್ಟೆ.

ತುಲೂಸ್‌ನಲ್ಲಿ ಅವಳು ದೊಡ್ಡ ದನಿಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಎಲ್ಲ ಕಡೆ ಮಾತಾಡ್ತಾ ಇದ್ದಳು. ಒಂದು ದಿನ ನಗ್ತಾ ಕೇಳಿದೆ, ‘ಏನವ್ವಾ, ಇಲ್ಲಿ ಭಾಳ ಮಾತಾಡ್ತೀ?’

‘ಇಲ್ಲಿ ಯಾರಿಗೂ ನನ್ನ ಮಾತ ತಿಳಿಯಂಗಿಲ್ಲ. ಚಂದಾಗಿ ಮಾತಾಡೂ ಕಾಳಜಿ ಇಲ್ಲ ನೋಡ’ ಅಂದಳು.

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಅದಕ್ಕೇ ನನಗೆ ತಡೆಯೋಕೆ ಆಗಲಿಲ್ಲ.

ಶೋಕೊಲಾತೀನ್ ಜಗಳ

ಮರುದಿನ ಆಫೀಸಿನಲ್ಲಿ ಇದನ್ನು ನಮ್ಮ ಟೀಮಿನ ಹಿರಿಯರೊಬ್ಬರಿಗೆ ಹೇಳಿದೆ. ಅವರು ತುಲೂಸ್‌ನ ಹಳ್ಳಿ ಕಡೆಯವರು. ಇಲ್ಲಿಯ ಜನ ಪದದ ಕೊನೆಯ ಸ್ವರ ಬಿಡಲ್ಲ, ಎಳೀತಾರೆ. ಪ್ಯಾರಿಸ್‌ನವರು ಮೂಗಿನಲ್ಲೇ ನುಂಗೋ ‘ಪ್ಯಾಂ’ ಇವರ ಬಾಯಲ್ಲಿ ‘ಪ್ಯಾಂಗ್’. ಅವರು ಅಂದರು: ‘ನಾನು ಓದೋಕೆ ಪ್ಯಾರಿಸ್‌ಗೆ ಹೋದಾಗ ಎಲ್ಲರೂ ರಜಕ್ಕೆ ಬಂದವನ ಥರ ನೋಡೋರು. ಬಿಸಿಲು, ಮಿಡತೆ, ಹಳ್ಳಿ ಅಂತ ತಮಾಷೆ. ಆರು ತಿಂಗಳಲ್ಲಿ ನನ್ನ ದನಿ ಬದಲಾಯಿಸಿಕೊಂಡೆ. ಅಪ್ಪ ಫೋನ್‌ನಲ್ಲಿ ಯಾರು ಮಾತಾಡ್ತಿರೋದು ಅಂತ ಕೇಳಿದರು.’

ಇದು ಅವರೊಬ್ಬರ ಕಥೆ ಅಲ್ಲ. 2018ರಲ್ಲಿ ಒಬ್ಬ ದೊಡ್ಡ ರಾಜಕಾರಣಿ ತುಲೂಸ್ ಕಡೆಯ ಉಚ್ಚಾರಣೆಯಲ್ಲಿ ಪ್ರಶ್ನೆ ಕೇಳಿದ ಪತ್ರಕರ್ತೆಯನ್ನು ಕ್ಯಾಮೆರಾ ಮುಂದೆಯೇ ಅಣಕಿಸಿ, ಫ್ರೆಂಚ್‌ನಲ್ಲಿ ಪ್ರಶ್ನೆ ಕೇಳೋರು ಯಾರಾದರೂ ಇದ್ದಾರಾ ಅನ್ನೋ ಅರ್ಥದಲ್ಲಿ ಮಾತಾಡಿದರು. ದೇಶವೆಲ್ಲ ಗದ್ದಲ ಆಯ್ತು. 2020ರ ನವೆಂಬರ್‌ನಲ್ಲಿ ಅಲ್ಲಿಯ ಸಂಸತ್ತಿನ ಕೆಳಮನೆ, ಮಾತಿನ ಧಾಟಿ ನೋಡಿ ತಾರತಮ್ಯ ಮಾಡೋದರ ವಿರುದ್ಧದ ಮಸೂದೆಯನ್ನು 98 ಮತಗಳಿಂದ ಒಪ್ಪಿತು, ವಿರುದ್ಧ ಬಿದ್ದದ್ದು 3 ಮತ. ಕೆಲಸದ ಇಂಟರ್‌ವ್ಯೂನಲ್ಲಿ ಮಾತಿನ ಧಾಟಿ ನೋಡಿ ತಳ್ಳಿಹಾಕೋದು ಜಾತಿ, ಬಣ್ಣ ನೋಡಿ ತಳ್ಳಿಹಾಕಿದಷ್ಟೇ ತಪ್ಪು ಅನ್ನೋದು ಅದರ ತಿರುಳು. ನಮ್ಮಲ್ಲಿ ಇದಕ್ಕೊಂದು ಹೆಸರೂ ಇಲ್ಲ. ‘ಸುಮ್ನೆ ತಮಾಷೆಗೆ’ ಅಂದುಬಿಡ್ತೀವಿ.

ಆಮೇಲೆ ಆ ಹಿರಿಯರು ನನ್ನನ್ನು ಕ್ಯಾಂಟೀನ್‌ಗೆ ಕರೆದುಕೊಂಡು ಹೋಗಿ, ಚಾಕೊಲೇಟ್ ತುಂಬಿದ ಬನ್ನು ಕೊಡಿಸಿದರು. ಫ್ರಾನ್ಸ್‌ನ ಬಹುಪಾಲು ಊರುಗಳಲ್ಲಿ ಅದಕ್ಕೆ ‘ಪ್ಯಾಂ ಓ ಶೋಕೊಲಾ’ ಅಂತಾರೆ. ನೈಋತ್ಯದಲ್ಲಿ ಮಾತ್ರ ‘ಶೋಕೊಲಾತೀನ್’. ಇದರ ಮೇಲೆ ಅಲ್ಲಿ ನಡೆಯೋ ಜಗಳ ನಮ್ಮ ‘ರೊಟ್ಟಿನೋ ಭಕ್ರಿನೋ’ ಇದ್ದಂಗೆ. ‘ಪ್ಯಾರಿಸ್‌ನಲ್ಲಿ ಹತ್ತು ವರ್ಷ ಪ್ಯಾಂ ಓ ಶೋಕೊಲಾ ಅಂದೆ. ವಾಪಸ್ ಬಂದ ದಿನ ಬೇಕರಿಯಲ್ಲಿ ಜೋರಾಗಿ ಶೋಕೊಲಾತೀನ್ ಅಂದೆ. ಎದೆ ಹಗುರಾಯ್ತು’ ಅಂದರು.

ನನಗೆ ಆಗ ಹಲಸಂಗಿ ನೆನಪಾಯ್ತು. ನಮ್ಮೂರಿಗೆ ಹತ್ತಿರದ ಹಳ್ಳಿ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಗೆಳೆಯರು ಬೀಸುಕಲ್ಲಿನ ಮುಂದೆ ಹೆಂಗಸರು ಹಾಡ್ತಿದ್ದ ಹಾಡುಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಅಂತ ಪುಸ್ತಕ ಮಾಡಿದರು. ಅದರ ಭಾಷೆ ಯಾವುದು? ನಮ್ಮ ಅವ್ವನದ್ದೇ. ನಾನು ಯಾವ ಮಾತಿಗೆ ನಾಚಿದೆನೋ ಅದನ್ನು ಸುಮಾರು ನೂರು ವರ್ಷದ ಹಿಂದೆ ನಮ್ಮದೇ ಸೀಮೆಯ ಹುಡುಗರು ಅಚ್ಚು ಹಾಕಿಸಿ, ಕನ್ನಡ ನಾಡಿನ ಕೈಗೆ ಕೊಟ್ಟಿದ್ದರು.

ಆಯ್ತವಾರದ ಫೋನು

ಅವ್ವನಿಗೆ ಇಲ್ಲಿ ಎಲ್ಲವೂ ಹಿಡಿಸಿತು ಅಂತಲ್ಲ. ಕೆಳಗಿನ ಮನೆ ಅಜ್ಜಿಗೆ ಭಕ್ರಿ ಕೊಟ್ಟು ಬರ್ತೀನಿ ಅಂತ ಹೊರಟಾಗ ನಾನು ತಡೆದೆ. ಮೊದಲು ಕೇಳಿ, ದಿನ-ಹೊತ್ತು ಗೊತ್ತು ಮಾಡಿಕೊಂಡು ಹೋಗಬೇಕು ಅಂದೆ. ‘ಬಾಜು ಮನಿಗಿ ಹೋಗಾಕೂ ತಾರೀಖ ಬೇಕಾ?’ ಅಂದಳು. ಆದರೂ ಕಾದಳು. ಗುರುವಾರ ನಾಲ್ಕು ಗಂಟೆಗೆ ಅಂತ ಗೊತ್ತಾಯ್ತು. ಹೊರಡೋವಾಗ ಅಜ್ಜಿ ಇಲ್ಲಿಯ ರೂಢಿಯಂತೆ ಕೆನ್ನೆಗೆ ಕೆನ್ನೆ ತಾಗಿಸೋಕೆ ಬಗ್ಗಿದರು. ಅವ್ವ ಒಂದು ಕ್ಷಣ ಗಲಿಬಿಲಿಯಾಗಿ, ಆಮೇಲೆ ಅವರ ಮುಖವನ್ನೇ ಎರಡೂ ಕೈಯಲ್ಲಿ ಸವರಿ, ತನ್ನ ಹಣೆಗೆ ಒತ್ತಿ ಲಟಲಟ ಲಟಿಕೆ ಮುರಿದಳು. ಅಜ್ಜಿ ಬೆರಗಾಗಿ, ಏನಿದು ಅಂತ ಕೇಳಿದರು. ‘ದೃಷ್ಟಿ ತೆಗೆಯೋದು’ ಅಂತ ನನ್ನ ಅರೆಬರೆ ಫ್ರೆಂಚ್‌ನಲ್ಲಿ ಹೇಳೋ ಹೊತ್ತಿಗೆ ಅವರ ಕಣ್ಣಲ್ಲಿ ನೀರಿತ್ತು. ಎಷ್ಟೋ ದಿನ ಆಗಿತ್ತಂತೆ, ಯಾರಾದರೂ ಹಾಗೆ ಮುಖ ಮುಟ್ಟಿ.

ಮೆಟ್ಟಿಲು ಹತ್ತೋವಾಗ ಅವ್ವ ಕೇಳಿದಳು, ‘ಆ ಅಜ್ಜಿಗಿ ಮಕ್ಕಳಿಲ್ಲೇನ?’

‘ಮಗ ಇದಾನೆ, ಪ್ಯಾರಿಸ್‌ನಲ್ಲಿ. ಪ್ರತಿ ಭಾನುವಾರ ಫೋನ್ ಮಾಡ್ತಾನಂತೆ.’

‘ವಾರಕ್ಕ ಒಮ್ಮೆ?’ ಅಂದಳು. ಎರಡು ಮೆಟ್ಟಿಲು ಹತ್ತಿ ನಿಂತಳು. ‘ನೀನೂ ಆಯ್ತವಾರಕ್ಕೇ ಮಾಡ್ತಿ.’

ಮುಂದೆ ಏನೂ ಅನ್ನಲಿಲ್ಲ, ಮೊಣಕಾಲು ಹಿಡಿದುಕೊಂಡು ಹತ್ತಿದಳು.

ನೀವೂ ಹೋಗೋದಿದ್ರೆ

ಫ್ರೆಂಚ್ ಮಾತಾಡೋ ಯಾವ ಊರಿಗೆ ಹೋದರೂ ಸಣ್ಣ ಅಂಗಡಿಗೆ ಕಾಲಿಟ್ಟ ಕೂಡಲೇ ‘ಬೋಂಜೂರ್’, ಹೊರಬೀಳೋವಾಗ ‘ಓ ರವ್ವಾರ್’ ಮರೀಬೇಡಿ. ಭಾನುವಾರ ಬಹಳಷ್ಟು ಅಂಗಡಿ ಬಂದ್, ಶನಿವಾರವೇ ಸಂತೆ ಮುಗಿಸಿ. ಆಗಸ್ಟ್‌ನಲ್ಲಿ ಬೇಕರಿಯವರೂ ಬಾಗಿಲಿಗೆ ಚೀಟಿ ಅಂಟಿಸಿ ರಜಕ್ಕೆ ಹೋಗ್ತಾರೆ. ಮಧ್ಯಾಹ್ನ ಎರಡು ದಾಟಿದ ಮೇಲೆ ಹೋಟೆಲಿನಲ್ಲಿ ಊಟ ಸಿಗೋದು ಕಷ್ಟ. ಸಸ್ಯಾಹಾರಿಗಳಾದರೆ ಒಂದು ಡಬ್ಬಿ ಹಿಂಡಿ ಜೊತೆಗಿರಲಿ, ಬಗೆಟ್ ಎಲ್ಲಿ ಬೇಕಾದರೂ ಸಿಗುತ್ತೆ. ಹುಲ್ಲಿನ ಮೇಲೆ ಕುಟುಂಬಗಳು ಬುತ್ತಿ ಬಿಚ್ಚಿ ಕೂತಿರೋದು ಕಂಡರೆ ಸುಮ್ಮನೆ ನೀವೂ ಕೂತುಬಿಡಿ. ಗರೋನ್ ದಂಡೆಯಲ್ಲಿ ಅದನ್ನು ನೋಡಿ ಅವ್ವ, ‘ಇಲ್ಲೂ ಎಳ್ಳ ಅಮಾಸಿ ಅದ ನೋಡ, ಚರಗ ಚೆಲ್ಲೋದೊಂದ ಇಲ್ಲ’ ಅಂದಿದ್ದಳು.

ಈಗ ನಾನು ವಾಪಸ್ ಬೆಂಗಳೂರಲ್ಲಿ ಇದೀನಿ. ಕೆಲಸ ಅದೇ, ಟ್ರಾಫಿಕ್ ಅದೇ. ಕಳೆದ ವಾರ ಮೀಟಿಂಗ್ ನಡುವೆ ಅವ್ವನ ಫೋನ್ ಬಂತು. ಮೊದಲಾದರೆ ಕಟ್ ಮಾಡಿ, ‘ಆಮೇಲೆ ಮಾಡ್ತೀನಿ’ ಅಂತ ಮೆಸೇಜ್ ಹಾಕ್ತಿದ್ದೆ, ಅವಳಿಗೆ ಓದೋಕೆ ಬರಲ್ಲ ಅಂತ ಗೊತ್ತಿದ್ದೂ. ಈ ಸಲ ಎಲ್ಲರ ಮುಂದೆಯೇ ಎತ್ತಿದೆ. ‘ಹಾಂ ಅವ್ವಾ, ಹೇಳ. ಮೀಟಿಂಗ್‌ನ್ಯಾಗ ಅದೀನಿ. ಊಟ ಆತೇನ? ಹತ್ತ ನಿಮಿಷಕ್ಕ ಮಾಡ್ತೀನಿ ತಗೋ.’

ಹೊಸದಾಗಿ ಸೇರಿದ ಹುಡುಗ ಒಬ್ಬ ಮುಗುಳ್ನಕ್ಕ. ಮೀಟಿಂಗ್ ಮುಗಿದ ಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದ, ‘ಮೇಡಂ, ನಿಮ್ಮೂರ ಯಾವ್ದ್ರೀ? ನಮ್ದು ಸಿಂದಗಿ.’